ಬಲಗಡೆಯ ಮುಂದಿನ ಹೆಗಲು

ಅವರ ನೆನಪಿನ ಸಂಚಿಕೆಗೆ ಎರಡು ಪುಟ ಬರೆದುಕೊಡಬೇಕೆಂದು ಕೇಳಲು ಅವರ ಮಗನೇ ನಮ್ಮ ಮನೆಗೆ ಬಂದಿದ್ದರು. ತೆಲುಗಿನಲ್ಲಿ, ಉರ್ದುವಿನಲ್ಲಿ ಬೇಕಾದಷ್ಟು ಲೇಖನಗಳು ಬಂದಿವೆಯಂತೆ. ಕ್ಷೇತ್ರದ ಕನ್ನಡದ ಮನೆಗಳ ಪರವಾಗಿ ಒಂದಾದರೂ ಬೇಕಂತೆ. "ಅಪ್ಪಾಜಿ ನಿಮ್ಮ ಓಣಿ ಮ್ಯಾಲೆ ಭಾಳ ಜೀವ ಇಟ್ಟಿದ್ರು. ನೀವು ಯೂನಿವರ್ಸಿಟ್ಯಾಗ ಓದಿದವರು, ಚಂದ ಬರೀತೀರಿ," ಎಂದರು. ಬರೆದಿದ್ದೇನೆ. ಅಚ್ಚು ಹಾಕುವುದು, ಬಿಡುವುದು ಅವರಿಗೆ ಸೇರಿದ್ದು.

ಹೆಸರನ್ನು ಬರೆಯುವುದಿಲ್ಲ. ಬಸ್ ನಿಲ್ದಾಣದ ಮೇಲೆ, ಕೊಳವೆಬಾವಿಯ ಕಲ್ಲಿನ ಮೇಲೆ, ಬಾಗಿಲು ತೆರೆಯದ ಗ್ರಂಥಾಲಯದ ನೆತ್ತಿಯ ಮೇಲೆ ಆ ಹೆಸರು ಈಗಾಗಲೇ ಇದೆ. ಇನ್ನೊಂದು ಕಡೆ ಅದರ ಅಗತ್ಯವಿಲ್ಲ. ನಾವು ಅವರನ್ನು ಕಾಕಾ ಎನ್ನುತ್ತಿದ್ದೆವು. ಇಲ್ಲಿಯೂ ಅಷ್ಟೇ ಸಾಕು.

ನಾನು ಹುಟ್ಟುವ ಮೊದಲೇ ಕಾಕಾ ಶಾಸಕರಾಗಿದ್ದರು. ನಾನು ರಾಜ್ಯಶಾಸ್ತ್ರದಲ್ಲಿ ಎಂ.ಎ. ಮುಗಿಸಿದಾಗಲೂ ಅವರೇ ಶಾಸಕರು. ಈ ನಡುವೆ ಪಕ್ಷ ಬದಲಾಯಿತು, ಬಾವುಟದ ಬಣ್ಣ ಬದಲಾಯಿತು, ಹಳೆಯ ಅಂಬಾಸಿಡರ್ ಹೋಗಿ ಎತ್ತರದ ಜೀಪು ಬಂತು. ಬದಲಾಗದೆ ಉಳಿದದ್ದು ಬಲ ಹೆಗಲ ಮೇಲಿನ ಬಿಳಿ ಟವೆಲ್ಲು ಮಾತ್ರ.

ಆ ಟವೆಲ್ಲಿನ ಕಥೆಯೇ ಅವರ ರಾಜಕಾರಣದ ಕಥೆ. ಸುಲ್ತಾನ್ ಬಜಾರಿನ ಒಂದು ಅಂಗಡಿಯಿಂದ ಕಟ್ಟುಗಟ್ಟಲೆ ಬಿಳಿ ಟವೆಲ್ಲುಗಳು ಬರುತ್ತಿದ್ದವು. ಅವರ ವಾಹನದ ಹಿಂಬದಿಯಲ್ಲಿ ಸದಾ ಒಂದು ಕಟ್ಟು ಇರುತ್ತಿತ್ತು. ಕ್ಷೇತ್ರದಲ್ಲಿ ಯಾವ ಮನೆಯಲ್ಲಿ ಸಾವಾದರೂ ದೂರದ ನೆಂಟರಿಗಿಂತ ಮೊದಲು ಅವರು ಬರುತ್ತಿದ್ದರು. ಸದ್ದು ಮಾಡದೆ ಬಂದು ಚಪ್ಪಲಿ ಬಿಟ್ಟು ಅಂಗಳದಲ್ಲಿ ಕೂರುತ್ತಿದ್ದರು. ಹೆಣ ಎತ್ತಿದ ಮೇಲೆ ಮೆರವಣಿಗೆ ಓಣಿಯ ತಿರುವಿಗೆ ಬರುತ್ತಿದ್ದಂತೆ, ಬಲಗಡೆ ಮುಂದೆ ಹೆಗಲು ಕೊಟ್ಟವನ ಬೆನ್ನನ್ನು ಹಿಂದಿನಿಂದ ಮೆಲ್ಲಗೆ ಮುಟ್ಟುತ್ತಿದ್ದರು. ಅಷ್ಟೇ. ಮುಟ್ಟಿಸಿಕೊಂಡವನು ನಡಿಗೆ ತಪ್ಪದಂತೆ ಪಕ್ಕಕ್ಕೆ ಸರಿಯಬೇಕು. ಕಾಕಾ ಆ ಜಾಗಕ್ಕೆ ಹೊಸ ಟವೆಲ್ಲು ಹಾಕಿಕೊಂಡು ನುಗ್ಗಬೇಕು. ಚಟ್ಟವಾಗಲಿ, ಮುಸಲ್ಮಾನರ ಜನಾಜಾ ಆಗಲಿ, ಸತ್ತವರನ್ನು ಕೂರಿಸಿ ಹೊರುವ ನಮ್ಮವರ ಹೂವಿನ ವಿಮಾನವಾಗಲಿ, ಒಂದು ಹೆಜ್ಜೆಯೂ ನಿಲ್ಲುತ್ತಿರಲಿಲ್ಲ. ಎಲ್ಲ ಮುಗಿದ ಮೇಲೆ ಆ ಟವೆಲ್ಲನ್ನು ಸತ್ತವರ ಮನೆಯ ಹಿರಿಯರ ಕೈಗಿಟ್ಟು ಹೋಗುತ್ತಿದ್ದರು. ನಮ್ಮ ಅಜ್ಜಿ ತೀರಿಕೊಂಡಾಗ ಕೊಟ್ಟದ್ದು ಈಗಲೂ ನಮ್ಮ ಟ್ರಂಕಿನಲ್ಲಿದೆ.

ಅಜ್ಜಿಯ ಆ ದಿನ ನಾನು ಸಣ್ಣವಳು. ಎಲ್ಲರೂ ಅಳುತ್ತಿದ್ದಾಗ ನನ್ನನ್ನು ಗಮನಿಸಿದವರು ಅವರೊಬ್ಬರೇ. ಪಕ್ಕದಲ್ಲಿ ಕುಳಿತು, "ಹಸಿವಾಗೇತೇನು ಬೇಟಾ?" ಎಂದು ಕೇಳಿ, ಕಿಸೆಯಿಂದ ಬಿಸ್ಕೀಟಿನ ಪೊಟ್ಟಣ ತೆಗೆದು ಕೊಟ್ಟರು. ಇದನ್ನು ಬರೆಯದೆ ಹೋದರೆ ಮುಂದೆ ಬರೆಯುವುದಕ್ಕೆ ನನಗೆ ಹಕ್ಕಿರುವುದಿಲ್ಲ. ಅವರ ದುಃಖ ನಟನೆಯಾಗಿರಲಿಲ್ಲ. ಪರರ ಸಾವಿಗೆ ಅವರ ಕಣ್ಣು ನಿಜವಾಗಿಯೇ ತುಂಬುತ್ತಿತ್ತು. ಆ ನಿಜವನ್ನೇ ಅವರು ಎಲ್ಲಕ್ಕೂ ಬಳಸಿಕೊಂಡರು ಎಂಬುದು ನನ್ನ ಆರೋಪ.

ಒಮ್ಮೆ ನಮ್ಮ ಮನೆಯ ಕಟ್ಟೆಯ ಮೇಲೆ ಸೆಕೆ ತಡೆಯದೆ ಜುಬ್ಬಾ ತೆಗೆದು ಕುಳಿತಿದ್ದರು. ಬಲ ಹೆಗಲ ಮೇಲೆ, ಕತ್ತಿನ ಬುಡದಲ್ಲಿ, ಎತ್ತಿನ ಹೆಗಲಿಗೆ ನೊಗ ಕಟ್ಟಿದಲ್ಲಿ ಆಗುವಂಥದೇ ಒಂದು ಕಪ್ಪು ಗಡ್ಡೆ. ನಾನು ನೋಡುತ್ತಿರುವುದನ್ನು ಕಂಡು ನಕ್ಕರು. "ನೀ ಕಾಲೇಜಿಗೆ ಹೋಗಿ ಡಿಗ್ರಿ ತಂದಿ. ನನ್ನ ಡಿಗ್ರಿ ಇದು. ಮದುವಿಗೆ ಹೋದ್ರ ಜನಕ್ಕ ಊಟ ನೆನಪಿರತೈತಿ, ಮಣ್ಣಿಗೆ ಹೋದ್ರ ಬಂದವರ ಮಾರಿ ನೆನಪಿರತೈತಿ. ತಿಳೀತಿಲ್ಲೊ?"

"ಸಭಾದಾಗ ಏನು ಮಾತಾಡ್ತೀರಿ ಕಾಕಾ?" ಎಂದು ಕೇಳಿದೆ.

"ಅಲ್ಲಿ ಮಾತಾಡೋರು ಭಾಳ ಮಂದಿ ಅದಾರ," ಎಂದರು. ಅಪ್ಪ ಒಳಗಿನಿಂದ ಕಣ್ಣಲ್ಲೇ ನನ್ನನ್ನು ಗದರಿದರು.

ಅಪ್ಪನ ಬಗ್ಗೆ ಒಂದು ಮಾತು. ವಿಜಯಪುರದ ಕಡೆಯಿಂದ ಗಡಿಯಾಚೆಯ ಈ ತೆಲುಗು ನಗರದ ರಕ್ಷಣಾ ಕಾರ್ಖಾನೆಗೆ ಬಂದು ಸೇರಿದ ಹಲವರಲ್ಲಿ ಅವರೂ ಒಬ್ಬರು. ಆ ಹಲವರು ಸೇರಿ ಕೊಂಡ ತುಂಡು ನಿವೇಶನಗಳೇ ನಮ್ಮ ಓಣಿ. ಅಪ್ಪ ಎತ್ತರದ ಆಳು, ಮಾತು ಕಡಿಮೆ. ಓಣಿಯ ಸಾವುಗಳಲ್ಲಿ ಬಲಗಡೆಯ ಮುಂದಿನ ಹೆಗಲು ಸಾಮಾನ್ಯವಾಗಿ ಅವರದೇ ಆಗಿರುತ್ತಿತ್ತು; ಆದ್ದರಿಂದ ಕಾಕಾ ಮುಟ್ಟುತ್ತಿದ್ದ ಬೆನ್ನೂ ಹೆಚ್ಚಾಗಿ ಅವರದೇ. "ಯಾಕೆ ಸರೀತೀರಿ?" ಎಂದು ನಾನು ಕೇಳಿದ್ದುಂಟು. "ದೊಡ್ಡವರು. ಬೆನ್ನು ಮುಟ್ಟಿದ್ರ ಸರದು ಬಿಡೋದವ್ವಾ," ಎನ್ನುತ್ತಿದ್ದರು.

ಊರು ಆಗ ಹುಚ್ಚು ವೇಗದಲ್ಲಿ ಬೆಳೆಯುತ್ತಿತ್ತು. ಪಶ್ಚಿಮದ ಬಂಡೆಗಳನ್ನು ಸಿಡಿಸಿ ಗಾಜಿನ ಕಟ್ಟಡಗಳನ್ನು ಎಬ್ಬಿಸುತ್ತಿದ್ದರು. ಬೆಂಗಳೂರು, ಮೈಸೂರು, ಮಂಗಳೂರುಗಳಿಂದ ಕೊರಳಿಗೆ ಗುರುತಿನ ಚೀಟಿ ನೇತುಹಾಕಿಕೊಂಡ ಹುಡುಗ ಹುಡುಗಿಯರು ಬಂದಿಳಿಯುತ್ತಿದ್ದರು. ಅವರಿಗೆ ಜೋಳದ ರೊಟ್ಟಿ, ಶೇಂಗಾ ಚಟ್ನಿ ಮಾರಿ ಬದುಕುತ್ತಿದ್ದವರು ನಮ್ಮ ಓಣಿಯ ಕೊನೆಯ ಮನೆಯ ಶರಣಮ್ಮ. ಗಂಡ ಅಪ್ಪನ ಜೊತೆಗೇ ಕಾರ್ಖಾನೆಯಲ್ಲಿದ್ದವರು. ತೀರಿಕೊಂಡಾಗ ಹೆಗಲು ಕೊಟ್ಟವರು ಕಾಕಾ. ಅಂದಿನಿಂದ ಶರಣಮ್ಮ ಪ್ರತಿ ವರ್ಷ ಅವರಿಗೆ ರಾಖಿ ಕಟ್ಟುತ್ತಿದ್ದರು. ಪ್ರತಿ ಚುನಾವಣೆಗೂ ಓಣಿಯ ಹೆಂಗಸರನ್ನು ಕುರಿಮಂದೆಯಂತೆ ಅಟ್ಟಿಕೊಂಡು ಮತಗಟ್ಟೆಗೆ ಹೋಗುತ್ತಿದ್ದರು. ಹೀಗೆ ಗೆಲ್ಲಿಸಿದವರಾದ್ದರಿಂದ ಬೈಯುವ ಅಧಿಕಾರವೂ ಅವರಿಗಿತ್ತು.

"ಏನಪಾ ತಮ್ಮಾ, ನಮ್ಮ ಓಣ್ಯಾಗ ಯಾರೂ ಸತ್ತಿಲ್ಲಲ್ಲ. ದಾರಿ ತಪ್ಪಿ ಬಂದೇನು?" ಎಂದು ಕಾಕಾ ಬಂದಾಗಲೆಲ್ಲ ಕೂಗುತ್ತಿದ್ದರು.

"ನಿನ್ನ ಕೈಯಾನ ಚಾ ಕುಡದ ಹೋಗೂಣು ಅಂತ ಬಂದೆ ಅಕ್ಕಾ."

"ಕುಡಿ. ಕುಡಕೋತ ಆ ಕಡೆ ನೋಡು. ನಾಲಾ ಎಲ್ಲೈತಿ?"

ನಾಲಾ ನಿಜವಾಗಿಯೂ ಕಾಣುತ್ತಿರಲಿಲ್ಲ. ಓಣಿಯ ಹಿಂದೆ, ತುಸು ಎತ್ತರದಲ್ಲಿ, ಹಳೆಯದೊಂದು ಕೆರೆ. ಕೆರೆ ತುಂಬಿದರೆ ಹೆಚ್ಚಿನ ನೀರು ನಾಲಾದಲ್ಲಿ ಇಳಿದು, ಶರಣಮ್ಮನ ಹಿತ್ತಿಲ ಪಕ್ಕದಲ್ಲಿ ಹರಿದು ಕೆಳಗಿನ ಹಳ್ಳ ಸೇರಬೇಕು. ಗಾಜಿನ ಕಟ್ಟಡಗಳ ಪಾಯದಿಂದ ತೆಗೆದ ಮಣ್ಣನ್ನು ಟಿಪ್ಪರುಗಳು ತಂದು ಹಗಲಲ್ಲೇ, ನಾವು ನೋಡುತ್ತಿದ್ದಂತೆಯೇ, ಆ ನಾಲಾದೊಳಗೆ ಸುರಿಯುತ್ತಿದ್ದವು. ಒಂದು ಬೇಸಿಗೆಯಲ್ಲಿ ನಾಲಾ ನೆಲವಾಯಿತು. ಮರುವರ್ಷ ಆ ನೆಲದ ಮೇಲೆ ಸುಣ್ಣದ ಗೆರೆಗಳು ಮೂಡಿ ನಿವೇಶನಗಳಾದವು. ಟಿಪ್ಪರುಗಳು ಯಾರವೆಂಬುದು ಓಣಿಯ ಎಲ್ಲರಿಗೂ ಗೊತ್ತಿತ್ತು. ಸಂಚಿಕೆಗೆ ಲೇಖನ ಕೇಳಲು ಬಂದವರವು.

ಶರಣಮ್ಮ ಯಾರ ಮೇಲೂ ಕ್ರಮ ಕೇಳಲಿಲ್ಲ. ಅವರು ಕೇಳಿದ್ದು ಒಂದೇ: ಮಳೆಗಾಲಕ್ಕೆ ಮೊದಲು ನೀರಿಗೆ ದಾರಿ. ಅವರ ಮನೆ ಓಣಿಯಲ್ಲೇ ತಗ್ಗಿನದು. ಗಂಡ ಕಟ್ಟಿಸಿದ ಆ ಮನೆಯನ್ನು ಬಿಟ್ಟು ಕಲಬುರಗಿಯ ಮಗಳ ಮನೆಗೆ ಹೋಗಲು ಅವರು ಸಿದ್ಧರಿರಲಿಲ್ಲ.

"ನಾ ಅದೀನಲ್ಲ ಅಕ್ಕಾ," ಎನ್ನುತ್ತಿದ್ದರು ಕಾಕಾ, ಶರಣಮ್ಮನ ತಲೆಯ ಮೇಲೆ ಕೈಯಿಟ್ಟು. ಆ ಮಾತನ್ನು ಕೇಳುತ್ತ ಒಂದು ಮಳೆಗಾಲ ಕಳೆಯಿತು. ಆ ವರ್ಷ ನೀರು ಹೊಸಿಲವರೆಗೆ ಬಂದು ಹಿಂದೆ ಸರಿಯಿತು. ಶರಣಮ್ಮ ಅದನ್ನು ಎಚ್ಚರಿಕೆ ಎಂದುಕೊಂಡರು, ಓಣಿಯವರು ಅದೃಷ್ಟ ಎಂದುಕೊಂಡರು.

ಆಗ ನಾನು ನನ್ನ ಓದಿನ ಸೊಕ್ಕಿನಲ್ಲಿ ಒಂದು ಉಪಾಯ ಹೇಳಿದೆ. ನಾರಾಯಣಗೂಡದ ಕಾಲೇಜಿನಲ್ಲಿದ್ದಾಗಿನಿಂದ ಪುಸ್ತಕದಲ್ಲಿ ಓದುತ್ತಿದ್ದುದು: ಶಾಸಕನ ಕೈಯಲ್ಲಿ ಅಧಿಕಾರ ಇಲ್ಲದಿರಬಹುದು, ಆದರೆ ಪ್ರಶ್ನೆ ಇದೆ. ಸದನದಲ್ಲಿ ಅವನು ಎದ್ದು ಕೇಳಿದರೆ ಮಂತ್ರಿ ಉತ್ತರಿಸಲೇಬೇಕು. ಉತ್ತರಿಸಿದ ಮೇಲೆ ಆ ನಾಲಾ ಇರಲೇ ಇಲ್ಲವೆಂದು ಯಾರೂ ಹೇಳಲಾಗದು. ಪ್ರಶ್ನೆಯನ್ನು ನಾನೇ ಬರೆದೆ. ಕಾಕಾ ಓದಿ, ಒಂದು ಗಳಿಗೆ ಕೆರೆಯ ಕಡೆ ನೋಡಿ, ರುಜು ಹಾಕಿದರು. ಆ ಕ್ಷಣ ಅವರ ಮೇಲೆ ನನಗೆ ಹುಟ್ಟಿದ ಗೌರವವನ್ನು ಇಂದಿಗೂ ಅಲ್ಲಗಳೆಯಲಾರೆ. ತಮ್ಮ ಮಗನ ಟಿಪ್ಪರುಗಳಿಗೆ ಅಡ್ಡವಾಗಿ ಅವರು ಸಹಿ ಮಾಡಿದ್ದರು. "ಅಕ್ಕಾ, ನಿನ್ನ ನಾಲಾ ಸಭಾಕ್ಕ ಬರತೈತಿ ನೋಡು. ನೀನೂ ಬಾ, ಮ್ಯಾಲ ಗ್ಯಾಲರ್‍ಯಾಗ ಕೂಡು," ಎಂದು ನಮ್ಮಿಬ್ಬರಿಗೂ ಪಾಸು ಕಳಿಸಿದರು.

ಶರಣಮ್ಮ ತಮ್ಮ ಮದುವೆಯ ಇಳಕಲ್ ಸೀರೆ ಉಟ್ಟು ಬಂದರು. ಬಾಗಿಲಲ್ಲಿ ಕಾವಲಿನವರು ಚೀಲ ಒಳಗೆ ಬಿಡಲಿಲ್ಲ. ಅದರಲ್ಲಿ ತಮ್ಮನಿಗೆಂದು ಕಟ್ಟಿ ತಂದ ರೊಟ್ಟಿಯಿತ್ತು. ಗ್ಯಾಲರಿಯಲ್ಲಿ ಮಾತಾಡಬಾರದು, ಚಪ್ಪಾಳೆ ತಟ್ಟಬಾರದು, ಕೈಯನ್ನು ಕಟಕಟೆಯ ಮೇಲೆ ಇಡಬಾರದು ಎಂದು ಒಬ್ಬಾತ ತೆಲುಗಿನಲ್ಲಿ ಹೇಳಿ ಹೋದ. "ಸತ್ತವರ ಮನಿಗಿಂತ ಕಡೆ ಆತಲ್ಲೇ ಇದು, ಅಲ್ಲಿ ಅಳಾಕರ ಬಿಡ್ತಾರ," ಎಂದು ಶರಣಮ್ಮ ನನ್ನ ಕಿವಿಯಲ್ಲಿ ಪಿಸುಗುಟ್ಟಿದರು. ಕೆಳಗೆ ಕಾಕಾ ತಮ್ಮ ಜಾಗದಲ್ಲಿ ಕುಳಿತಿದ್ದರು. ಮೇಲೆ ನೋಡಿ ತಲೆಯಾಡಿಸಿದರು. ಶರಣಮ್ಮ ನಿಯಮ ಮುರಿದು ಕೈ ಬೀಸಿದರು.

ಪ್ರಶ್ನೆಗಳು ಒಂದೊಂದಾಗಿ ಮುಗಿಯುತ್ತಿದ್ದವು. ನಮ್ಮ ಸರದಿ ಹತ್ತಿರ ಬಂದಾಗ ಒಬ್ಬ ಜವಾನ ಬಂದು ಕಾಕಾನ ಕೈಗೆ ಚೀಟಿ ಕೊಟ್ಟ. ಅವರು ಓದಿದರು. ಟವೆಲ್ಲನ್ನು ಸರಿಪಡಿಸಿಕೊಂಡರು. ಎದ್ದು, ಸಭಾಧ್ಯಕ್ಷರಿಗೆ ಬಾಗಿ ನಮಸ್ಕರಿಸಿ, ಮೇಲೆ ನೋಡದೆ ಹೊರಗೆ ನಡೆದರು.

ತುಸು ಹೊತ್ತಿಗೆ ಅವರ ಹೆಸರು ಕೂಗಿದರು. ಮತ್ತೊಮ್ಮೆ ಕೂಗಿದರು. ಕೇಳಬೇಕಾದ ಸದಸ್ಯ ಜಾಗದಲ್ಲಿಲ್ಲದಿದ್ದರೆ ಪ್ರಶ್ನೆ ಬಿದ್ದುಹೋಗುತ್ತದೆ. ಅದು ಸದನದ ಪದ್ಧತಿ. ಸಭಾಧ್ಯಕ್ಷರು ಮುಂದಿನದನ್ನು ಕರೆದರು. ಉತ್ತರ ಹಿಡಿದು ಅರ್ಧ ಎದ್ದಿದ್ದ ಮಂತ್ರಿ ಮತ್ತೆ ಕುಳಿತರು.

"ಮುಗೀತೇನs?" ಎಂದರು ಶರಣಮ್ಮ.

"ಮುಗೀತು ಅತ್ತಿ."

"ಅಂವ ಎಲ್ಲಿ ಹೋದ?"

ಹೊರಗೆ ಕಾಕಾನ ಆಪ್ತ ಸಹಾಯಕ ನಿಂತಿದ್ದ. "ಸಾಹೇಬ್ರು ಮಯ್ಯತ್‌ಗೆ ಹೋಗ್ಯಾರ್ರಿ," ಎಂದ. ಕ್ಷೇತ್ರದ ಇನ್ನೊಂದು ತುದಿಯಲ್ಲಿ ಯಾರೋ ವಯಸ್ಸಾದವರು ತೀರಿಕೊಂಡಿದ್ದರು. ಸುಳ್ಳಲ್ಲ, ವಿಚಾರಿಸಿದೆ. ಆ ಸಾವು ನಿಜವಾದದ್ದೇ. ಅಂತ್ಯಕ್ರಿಯೆ ಇದ್ದದ್ದು ಮಾತ್ರ ಸಂಜೆಗೆ.

ಮರುದಿನ ಕಾಕಾ ಓಣಿಗೆ ಬಂದರು. ಶರಣಮ್ಮನ ಕಟ್ಟೆಯ ಮೇಲೆ ಅಪ್ಪನೂ ಚಹಾದ ಲೋಟ ಹಿಡಿದು ಕುಳಿತಿದ್ದರು. ಕಾಕಾ ತಾವೇ ಮಾತು ಆರಂಭಿಸಿದರು. "ಸಿಟ್ಟಾಗಬ್ಯಾಡ ಅಕ್ಕಾ. ಸಾವು ಏನು ಹೇಳಿ ಬರತೈತೇನು?"

"ನೀರು ಹೇಳಿ ಬರತೈತೇನು?" ಎಂದರು ಶರಣಮ್ಮ.

ಕಾಕಾ ನಗಲು ನೋಡಿದರು. ಶರಣಮ್ಮ ನಗಲಿಲ್ಲ. "ಇಲ್ಲಿ ಕೇಳು ತಮ್ಮಾ. ನಿನ್ನ ಹೆಗಲಿಗೆ ನಾವು ಓಟು ಹಾಕಿಲ್ಲ, ನಿನ್ನ ಬಾಯಿಗೆ ಹಾಕೀವಿ. ನಾ ಸತ್ತ ದಿನ ನೀ ಬರಬ್ಯಾಡ. ನನಗ ನಿನ್ನ ಹೆಗಲು ಬ್ಯಾಡ. ಅಲ್ಲಿ ಸಭಾದಾಗ ಒಂದು ಜಾಗ ಖಾಲಿ ಬಿಟ್ಟು ಬಂದೀಯಲ್ಲ, ಆವತ್ತ ಹೋಗಿ ಅಲ್ಲಿ ಕೂಡು."

"ಬಿಡ್ತು ಅನ್ನs ಅಕ್ಕಾ," ಎಂದರು ಕಾಕಾ. ಅವರ ಕೈ ಅಭ್ಯಾಸದಂತೆ ಶರಣಮ್ಮನ ತಲೆಯ ಕಡೆ ಏರಿತು. ಶರಣಮ್ಮ ಸೆರಗು ಎಳೆದುಕೊಂಡು ಒಳಗೆ ನಡೆದರು. ಅಪ್ಪ ಲೋಟದ ತಳವನ್ನೇ ನೋಡುತ್ತಿದ್ದರು.

ಆ ಮಳೆಗಾಲ ತಡವಾಗಿ ಬಂತು, ಬಂದದ್ದು ನಿಲ್ಲಲಿಲ್ಲ. ಕೆರೆಯ ಕಡೆಯಿಂದ ಎರಡು ದಿನ ಒಂದು ಬಗೆಯ ಗೊಣಗು ಕೇಳುತ್ತಿತ್ತು. ನೀರು ತನ್ನ ಹಳೆಯ ದಾರಿಯನ್ನು ಹುಡುಕುತ್ತಿರುವಂತೆ. ಶರಣಮ್ಮನನ್ನು ನಮ್ಮ ಮನೆಗೆ ಬಾ ಎಂದು ಅಮ್ಮ ಕರೆದಳು. "ಹುಡುಗೂರಿಗೆ ಮುಂಜಾನೆ ರೊಟ್ಟಿ ಬೇಕವ್ವಾ. ಬಡದು ಬರ್ತೀನಿ," ಎಂದರು. ಬೆಳಗ್ಗೆ ಅವರು ಒಲೆಯ ಮುಂದೆ ಕುಳಿತಿದ್ದಾಗ ಹಿತ್ತಿಲ ಗೋಡೆ ಒಳಮುಖವಾಗಿ ಬಿತ್ತು. ನೀರು ಒಂದೇ ಸಲಕ್ಕೆ ಬಂತು. ಅಪ್ಪ ಮತ್ತು ಓಣಿಯ ಗಂಡಸರು ಎದೆಮಟ್ಟದ ನೀರಿನಲ್ಲಿ ಹೋಗಿ ಹುಡುಕಿದರು. ಸಿಕ್ಕಾಗ ಅವರ ಬೆರಳುಗಳಲ್ಲಿ ಹಿಟ್ಟು ಇನ್ನೂ ಅಂಟಿಕೊಂಡಿತ್ತು ಎಂದು ಅಪ್ಪ ಬಹಳ ದಿನಗಳ ಮೇಲೆ ಹೇಳಿದರು.

ಪೊಲೀಸರಿಗಿಂತ ಮೊದಲು, ಅಗ್ನಿಶಾಮಕದವರಿಗಿಂತ ಮೊದಲು ಕಾಕಾ ಬಂದರು. ಪಂಚೆ ಎತ್ತಿಕಟ್ಟಿ ಕೆಸರಿನಲ್ಲಿ ನಡೆದು ಬಂದರು. ಅತ್ತರು. ಕಣ್ಣೀರು ನಿಜವಾದದ್ದೇ; ನಾನು ಹತ್ತಿರದಿಂದ ನೋಡಿದೆ.

ಕಲಬುರಗಿಯಿಂದ ಮಗಳು ಬಂದ ಮೇಲೆ ಶರಣಮ್ಮನನ್ನು ನಮ್ಮ ಪದ್ಧತಿಯಂತೆ ಹೂವಿನ ವಿಮಾನದಲ್ಲಿ ಕೂರಿಸಿದರು. ಬಲಗಡೆ ಮುಂದೆ ಅಪ್ಪ. ಓಣಿಯ ತಿರುವಿನಲ್ಲಿ ಕಾಕಾ ಹೊಸ ಟವೆಲ್ಲು ಹೆಗಲಿಗೇರಿಸಿ, ಎಂದಿನಂತೆ ಅಪ್ಪನ ಬೆನ್ನನ್ನು ಮುಟ್ಟಿದರು.

ಅಪ್ಪ ಸರಿಯಲಿಲ್ಲ.

ತಾಕಿರಲಾರದು ಎಂದುಕೊಂಡರೋ ಏನೋ, ಕಾಕಾ ಇನ್ನೊಮ್ಮೆ ಮುಟ್ಟಿದರು, ಸ್ವಲ್ಪ ಒತ್ತಿ. ಅಪ್ಪ ಮುಂದೆ ನೋಡುತ್ತ ನಡೆಯುತ್ತಲೇ ಇದ್ದರು. ಹಿಂದಿನ ಹೆಗಲಿನವರು ನೋಡಿದರು. ಅವರೂ ಸರಿಯಲಿಲ್ಲ. ಕಾಕಾ ಏನೂ ನಡೆಯದವರಂತೆ ವಿಮಾನದ ಪಕ್ಕದಲ್ಲೇ ನಡೆದರು, ಕೊನೆಯವರೆಗೆ, ಹೊರೆಯಿಲ್ಲದ ಹೆಗಲಿನಲ್ಲಿ. ಎಲ್ಲರೊಂದಿಗೆ ಒಂದು ಹಿಡಿ ಮಣ್ಣು ಹಾಕಿದರು. ಆ ಟವೆಲ್ಲನ್ನು ಮಗಳಿಗೆ ಕೊಡಲು ಹೋದಾಗ ಅವಳು ಕೈ ಚಾಚಲಿಲ್ಲ. ಅದು ಅವರೊಂದಿಗೇ ಜೀಪಿಗೆ ಹಿಂದಿರುಗಿತು.

ಅಲ್ಲಿಗೆ ಕಥೆ ಮುಗಿದಿದ್ದರೆ ನನಗೆ ಸಮಾಧಾನವಿರುತ್ತಿತ್ತು. ಮುಗಿಯಲಿಲ್ಲ. ಮುಂದಿನ ಚುನಾವಣೆಯಲ್ಲಿ ಅವರು ಮತ್ತೆ ಗೆದ್ದರು. ಕ್ಷೇತ್ರ ದೊಡ್ಡದು, ಸಾವುಗಳು ಬಹಳ, ಟವೆಲ್ಲುಗಳೂ ಬಹಳ. ನಾಲಾದ ಬಗ್ಗೆ ಮತ್ತೆ ಯಾರೂ ಪ್ರಶ್ನೆ ಬರೆದುಕೊಡಲಿಲ್ಲ, ಯಾರೂ ರುಜು ಹಾಕಲಿಲ್ಲ. ಪ್ರತಿನಿಧಿ ಎಂದರೆ ನಮ್ಮೊಂದಿಗೆ ಅಳುವವನು ಎಂದು ನಾವು ಒಪ್ಪಿಕೊಂಡುಬಿಟ್ಟಿದ್ದೆವು. ನಾವು ಅಳುವ ಸಂದರ್ಭವೇ ಬಾರದಂತೆ ಮಾತಾಡಬೇಕಾದವನು ಎಂಬುದನ್ನು ಹೇಳಲು ನಮಗೆ ನಾಚಿಕೆಯಾಗುತ್ತಿತ್ತು. ಅಷ್ಟು ದೀರ್ಘ ಕಾಲ ಆ ಸದನದಲ್ಲಿ ಅವರದೊಂದು ಆಸನವಿತ್ತು. ಅದು ಅವರ ಮನೆಯ ಕುರ್ಚಿಯಲ್ಲ, ನಮ್ಮದು. ಅದು ಖಾಲಿಯಿದ್ದ ಪ್ರತಿ ಗಳಿಗೆಗೂ ಲೆಕ್ಕ ಕೇಳುವ ಹಕ್ಕು ಅವರ ಸಾವಿನೊಂದಿಗೆ ತೀರುವುದಿಲ್ಲ.

ಕಾಕಾ ಹೋದ ದಿನ ನಾನೂ ಹೋಗಿದ್ದೆ. ಆ ಹೆಗಲನ್ನು ಕೊನೆಯ ಸಲ ನೋಡಬೇಕೆನಿಸಿತ್ತು. ಹಾರಗಳ ರಾಶಿಯಲ್ಲಿ ಅದು ಕಾಣಲಿಲ್ಲ. ಬಲಗಡೆ ಮುಂದೆ ಮಗ ಇದ್ದರು, ಹೊಸ ಬಿಳಿ ಟವೆಲ್ಲು ಹಾಕಿಕೊಂಡು. ಬರುವ ಚುನಾವಣೆಗೆ ಅವರೇ ಅಭ್ಯರ್ಥಿ ಎಂದು ಆಗಲೇ ಮಾತಿತ್ತು. ಮುಚ್ಚಿದ ನಾಲಾದ ಮೇಲೆ ಈಗ ಒಂದು ಉದ್ಯಾನವಾಗುತ್ತಿದೆ. ನಡುವೆ ಕಾಕಾನ ಪ್ರತಿಮೆ ನಿಲ್ಲಲಿದೆಯಂತೆ.

ಕಳೆದ ವಾರ ನಮ್ಮ ಓಣಿಯ ಹಿರಿಯರೊಬ್ಬರು ತೀರಿಕೊಂಡರು. ಅಪ್ಪನಿಗೆ ಈಗ ಮೊಣಕಾಲು ನೋವು. ಕಟ್ಟೆಯ ಮೇಲೆ ಕುಳಿತು ನೋಡುತ್ತಿದ್ದರು. ಹೆಗಲಿಗೆ ಆಳು ಸಾಲದೆ, ಶರಣಮ್ಮನ ಮನೆಯಿದ್ದ ಜಾಗದಲ್ಲಿ ಎದ್ದಿರುವ ಹೊಸ ಕಟ್ಟಡದ ನೆಲಮಹಡಿಗೆ ಈಚೆಗೆ ಬಾಡಿಗೆಗೆ ಬಂದ ಮೈಸೂರಿನ ಸಾಫ್ಟ್‌ವೇರ್ ಹುಡುಗ ತಾನಾಗಿ ಬಂದು ಬಲಗಡೆ ಮುಂದೆ ನಿಂತ. ಅವನ ಹೆಂಡತಿ ಮಗುವನ್ನೆತ್ತಿಕೊಂಡು ಬಾಗಿಲಲ್ಲಿದ್ದಳು. ತಿರುವಿನಲ್ಲಿ ಜೀಪು ನಿಂತಿತು. ಕಾಕಾನ ಮಗ ಇಳಿದರು. ಬಂದು ಹುಡುಗನ ಬೆನ್ನನ್ನು ಮೆಲ್ಲಗೆ ಮುಟ್ಟಿದರು.

ಹುಡುಗ ಸರಿದ. ಸರಿದು, "ಥ್ಯಾಂಕ್ಸ್ ಸಾರ್," ಎಂದೂ ಹೇಳಿದ.

ಸಂಜೆ ಅವನು ನಮ್ಮ ಕಟ್ಟೆಯ ಬಳಿ ನಿಂತ. ಪಶ್ಚಿಮಕ್ಕೆ ಮೋಡ ಕಟ್ಟುತ್ತಿತ್ತು. "ಎಷ್ಟು ಸಿಂಪಲ್ ಮನುಷ್ಯ ಅಲ್ವಾ ಮೇಡಂ, ಬಂದು ಹೆಗಲು ಕೊಟ್ರು," ಎಂದ. ಆಮೇಲೆ, ಹೊರಡುವವನು ತಿರುಗಿ, ಸಹಜವಾಗಿ ಕೇಳಿದ: "ಅಂದ ಹಾಗೆ, ಮಳೆ ಜೋರಾದ್ರೆ ಇಲ್ಲಿ ನೀರೇನಾದ್ರೂ ನಿಲ್ಲತ್ತಾ?"

ನಾನು ಬಾಯಿ ತೆರೆಯುವಷ್ಟರಲ್ಲಿ ಅಪ್ಪ ಎದ್ದಿದ್ದರು. ಗೋಡೆ ಹಿಡಿದು ನಿಧಾನವಾಗಿ ಮೆಟ್ಟಿಲಿಳಿದು ಬಂದರು. ಹುಡುಗನ ಬೆನ್ನ ಮೇಲೆ ಕೈಯಿಟ್ಟು, "ಬಾರಪಾ ಇಲ್ಲಿ," ಎಂದು ನಮ್ಮ ಮನೆಯ ಹಿಂಗೋಡೆಯ ಕಡೆ ನಡೆಸಿಕೊಂಡು ಹೋದರು. ಆ ವರ್ಷದ ನೀರಿನ ಗೆರೆ ಅಲ್ಲಿ ಇನ್ನೂ ಇದೆ. ಸುಣ್ಣ ಬಳಿಯಲು ಅಪ್ಪ ಇಂದಿನವರೆಗೂ ಬಿಟ್ಟಿಲ್ಲ. ಅವರು ಅದರತ್ತ ಬೆರಳು ತೋರಿಸಿದರು. ಗೆರೆ ಹುಡುಗನ ಎದೆಯ ಮಟ್ಟಕ್ಕಿತ್ತು. ಅವನು ಅದನ್ನು ನೋಡಿದ, ಆಮೇಲೆ ತಗ್ಗಿನಲ್ಲಿದ್ದ ತನ್ನ ಬಾಗಿಲನ್ನು, ಬಾಗಿಲಲ್ಲಿದ್ದ ಮಗುವನ್ನು ನೋಡಿದ.

"ಯಾರನ್ನ ಕೇಳ್ಬೇಕು ಸಾರ್ ಇದನ್ನ?" ಎಂದ.